ಕ್ಯಾರಿಯರ್ ಮೇಲೆ ಸೊಸೆ

ಮದುವೆಯಾದ ಹೊಸದರಲ್ಲಿ ನನ್ನನ್ನು ಹೊತ್ತು ತಿರುಗಿದವರು ನನ್ನ ಗಂಡನಲ್ಲ, ಅತ್ತೆ. ಇದನ್ನು ಹೇಳಿದಾಗಲೆಲ್ಲ ಮೈಸೂರಿನ ನನ್ನ ಗೆಳತಿಯರು ನಾನು ಬಡಾಯಿ ಕೊಚ್ಚುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಕೊಚ್ಚುತ್ತಿದ್ದೇನೆ, ನಿಜ. ಇಂಥ ಅತ್ತೆ ಸಿಕ್ಕಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ತೊಂಬತ್ತರ ದಶಕದ ನಡುವೆ ನಾನು ಸೊಸೆಯಾಗಿ ಬಂದದ್ದು ಪುಣೆಯ ಅಂಚಿನ ಸಾಂಗವಿಗೆ. ಅತ್ತೆಯ ತವರು ಗದಗ. ಐವತ್ತು ದಾಟಿದ ಹೆಂಗಸು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಸೈಕಲ್ ಹತ್ತಿದರೆಂದರೆ ಓಣಿಯ ನಾಯಿಗಳೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ನೋಡಲಾರದೆ ಮಾವನವರು ಒಂದು ಮೊಪೆಡ್ ತಂದುಕೊಟ್ಟರು. ಅತ್ತೆ ಬಹಳ ಸಂತೋಷಪಟ್ಟು ಅದರ ಸೀಟಿನ ಮೇಲೆ ಸಂಡಿಗೆ ಒಣಹಾಕಿದರು.

ಊರೊಳಗಿನ ಪೇಟೆಗೆ ಹೋಗಲು ಎಲ್ಲರಿಗೂ ನೇರ ರಸ್ತೆಯಿತ್ತು. ಅತ್ತೆಗೆ ಮಾತ್ರ ನದಿ. ಔಂಧ್, ಬೋಪೋಡಿ, ಖಡಕಿ ಎಂದು ಮುಳಾ ನದಿಯ ಮಗ್ಗುಲಲ್ಲೇ ಬಳಸಿ ಬಳಸಿ ಹೋಗಿ, ಸಂಗಮದಲ್ಲಿ ಮುಠಾ ನದಿಯ ದಂಡೆಗೆ ಹೊರಳಿ ಪೇಟೆ ಸೇರುವುದು.

"ಇಷ್ಟು ಸುತ್ತು ಯಾಕೆ ಅತ್ತೆ?" ಎಂದು ಒಮ್ಮೆ ಕೇಳಿದೆ.

"ಹೊಳಿನೂ ಸುತ್ತಿಕೊಂಡ ಹೊಂಟದ. ಅದನ್ನ ಯಾರರ ಕೇಳ್ಯಾರೇನು?"

ಮುಂದೆ ನಾನೇ ಕಣ್ಣಾರೆ ಕಂಡೆ, ದಾರಿಯಲ್ಲಿ ಅವರು ಬೆಲ್ ಹೊಡೆಯುತ್ತಿರಲಿಲ್ಲ. ಬಾಯಿ ಸಾಕಾಗಿತ್ತು. ಲಾರಿಯವರಿಗೆ ಮರಾಠಿಯಲ್ಲಿ ಏಕವಚನದ ಬೈಗುಳ. ಬೋಪೋಡಿಯ ಎಮ್ಮೆಗಳಿಗೆ ಮಾತ್ರ ಅಚ್ಚ ಕನ್ನಡ, ಅದೂ ಬಹುವಚನ: "ಸ್ವಲ್ಪ ಸರೀರಿ." ಆಶ್ಚರ್ಯವೆಂದರೆ ಲಾರಿಗಳು ಸರಿಯುತ್ತಿರಲಿಲ್ಲ, ಎಮ್ಮೆಗಳು ಸರಿಯುತ್ತಿದ್ದವು!

ಇತ್ತ ನನ್ನ ಕಥೆ ಕೇಳಿ. ಗಣಿತದಲ್ಲಿ ಡಿಗ್ರಿ, ಬಿ.ಎಡ್. ಬೇರೆ. ಆದರೆ ಮರಾಠಿ ಬಾರದೆ ಓಣಿಯ ತುದಿಯ ತರಕಾರಿ ಗಾಡಿಯೇ ನನ್ನ ಪ್ರಪಂಚದ ಕೊನೆ. ಬೆರಳು ತೋರಿಸಿ ಬೆಂಡೆಕಾಯಿ ಕೇಳಿದರೆ ಪಕ್ಕದ ಹಾಗಲಕಾಯಿ ಚೀಲಕ್ಕೆ ಬೀಳುತ್ತಿತ್ತು. ಅಲ್ಲವೆನ್ನಲು ಮಾತು ಬಾರದೆ, ಆ ವರ್ಷ ಮನೆಮಂದಿಗೆಲ್ಲ ಹಾಗಲಕಾಯಿ ತಿನ್ನಿಸಿದೆ. ಒಬ್ಬರೂ ತಕರಾರು ಮಾಡಲಿಲ್ಲ.

ಹೀಗಿರುವಾಗ ಪೇಟೆಯ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ಆ ದಿನವೇ ರಿಕ್ಷಾ ಮುಷ್ಕರ. ಬಸ್ಸುಗಳ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ನನ್ನವರು ತಳೇಗಾಂವದ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. "ಬಿಡಿ ಅತ್ತೆ, ಇನ್ನೊಮ್ಮೆ ನೋಡೋಣ" ಎಂದೆ. ಒಳಗೊಳಗೇ ನನಗೆ ಹಾಯೆನಿಸಿತ್ತು.

ಅತ್ತೆ ಒಂದು ಕೌದಿ ಮಡಚಿ ಕ್ಯಾರಿಯರ್‌ಗೆ ಕಟ್ಟಿದರು. "ಕೂಡು."

"ಅಯ್ಯೋ, ಜನ ಏನಂತಾರೆ?"

"ಅನ್ನಲಿಕ್ಕೇ ಬಾಯಿ ಕೊಟ್ಟಾನ ದೇವರು. ಕೂಡು."

ಕೂತೆ. ಅತ್ತೆ ಪೆಡಲ್ ತುಳಿಯುವುದು, ಇಸ್ತ್ರಿ ಮಾಡಿದ ಸೀರೆಯುಟ್ಟ ಸೊಸೆ ಮಹಾರಾಣಿಯಂತೆ ಹಿಂದೆ ಕೂರುವುದು! ಔಂಧಿನ ಸೇತುವೆಯ ಮೇಲೆ ಹಾಲಿನವನೊಬ್ಬ ತನ್ನ ಸೈಕಲ್ ನಿಲ್ಲಿಸಿಯೇ ಬಿಟ್ಟ. ಖಡಕಿಯ ಏರಿನಲ್ಲಿ ಅತ್ತೆಯ ಉಸಿರು ನನಗೆ ಕೇಳತೊಡಗಿತು. "ಇಳಿದು ತಳ್ಳಲಾ?" ಎಂದೆ.

"ಇಳದೀ ನೋಡು ಮತ್ತ. ಸೀರಿ ಮುದುಡತದ."

ಸಂಗಮದ ಹತ್ತಿರ ಸೈಕಲ್ ನಿಂತಿತು. ಮರದಡಿ ಒಬ್ಬ ಮುದುಕ ಪೇರಲ ಮಾರುತ್ತಿದ್ದ. "ಪೇಟಿಗೆ ಹೆಂಗ ಹೋಗೂದು, ಕೇಳವನ್ನ" ಎಂದರು ಅತ್ತೆ.

"ನಿಮಗೆ ಗೊತ್ತಲ್ಲ?"

"ಮರತೀನಿ."

ಮೂವತ್ತು ವರ್ಷ ತುಳಿದ ದಾರಿಯನ್ನು ಅವರು ಆ ಗಳಿಗೆಯಲ್ಲಿ ಮರೆತಿದ್ದರಂತೆ. ಬೇರೆ ದಾರಿ ಕಾಣದೆ, ಮನೆಯಲ್ಲಿ, ಓಣಿಯಲ್ಲಿ ಕಿವಿಗೆ ಬಿದ್ದಿದ್ದ ನಾಲ್ಕು ಮಾತು ಜೋಡಿಸಿ, ತಡವರಿಸುತ್ತ ಮರಾಠಿಯಲ್ಲಿ ಕೇಳಿದೆ. ಮುದುಕ ನಗಲಿಲ್ಲ. ಎಡಕ್ಕೆ, ಆಮೇಲೆ ನೇರಕ್ಕೆ ಎಂದು ನಿಧಾನವಾಗಿ ಹೇಳಿದ. ನನಗೆ ಪೂರ್ತಿ ಅರ್ಥವಾಯಿತು. ಎಂಥ ಹೆಮ್ಮೆ ಅಂತೀರಿ! ಅದೇ ಹುಮ್ಮಸ್ಸಿನಲ್ಲಿ ಸಂದರ್ಶನದಲ್ಲೂ ಹರಕು ಮುರುಕು ಮರಾಠಿಯಲ್ಲೇ ಭಿನ್ನರಾಶಿ ಪಾಠ ಮಾಡಿ ತೋರಿಸಿದೆ. "ಗಣಿತ ನೀವು ಕಲಿಸಿ, ಮರಾಠಿ ಮಕ್ಕಳು ಕಲಿಸುತ್ತಾರೆ" ಎಂದು ಮುಖ್ಯೋಪಾಧ್ಯಾಯಿನಿ ಕೆಲಸ ಕೊಟ್ಟರು.

ಹೊರಗೆ ಬಂದು ಅತ್ತೆಗೆ ಹೇಳಿದೆ. "ಕೊಡದೇ ಏನ್ ಮಾಡ್ತಾರ?" ಎಂದರು, ಅಷ್ಟೆ. ನದಿಯ ಘಾಟಿನ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರು. ಹಾಲಿನಲ್ಲಿ ಕಲಸಿ ಬೇಯಿಸಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ. ತಿನ್ನುತ್ತ ನೀರು ನೋಡುತ್ತಿದ್ದವರು ತಾವಾಗಿಯೇ ಶುರುಮಾಡಿದರು.

"ನಾ ಲಗ್ನಾಗಿ ಬಂದಾಗ ನನಗೂ ಒಂದಕ್ಷರ ಮರಾಠಿ ಬರ್ತಿದ್ದಿಲ್ಲ. ನಿಮ್ಮ ಮಾವನವರಿಗೆ ಜ್ವರ ನೆತ್ತಿಗೇರಿ ಊರಾಗಿನ ದವಾಖಾನಿಗೆ ಹಾಕಿದ್ರು. ಡಬ್ಬಿ ಒಯ್ಯಬೇಕು, ದಾರಿ ಕೇಳಲಿಕ್ಕೆ ಮಾತಿಲ್ಲ. ಹೊಳಿ ದಂಡಿಗೇ ದವಾಖಾನಿ ಅದ ಅಂತ ಇಷ್ಟ ಗೊತ್ತಿತ್ತು. ಅವರ ಸೈಕಲ್ ತಗೊಂಡು, ಬೀಳ್ಕೋತ ಏಳ್ಕೋತ ಹೊಳಿ ಹಿಡದ ಬಂದೆ."

"ಡಬ್ಬಿ?"

"ಸಾರೆಲ್ಲಾ ಚೆಲ್ಲಿ ಹೋಗಿತ್ತು. ಬರೇ ಅನ್ನ ಉಂಡ್ರು ಪಾಪ, ಭಾಳ ರುಚಿ ಆಗ್ಯದ ಅಂದ್ರು."

ಉಳಿದ ಒಂದೇ ದಶಮಿಗೆ ಚಟ್ನಿ ಸವರಿ, ಮಡಚಿ, ನನ್ನ ಕೈಗಿಟ್ಟರು.

"ಅವತ್ತ ಯಾರರ ಒಬ್ಬರು ನನ್ನನ್ನ ಹಿಂದ ಕೂಡಿಸ್ಕೊಂಡು ಹೋಗಿದ್ರ," ಎಂದರು, "ಭಾಳ ಚಲೋ ಆಗ್ತಿತ್ತವಾ."