ಹಬ್ಬದ ಕೋಳಿಗೊಂದು ತಲೆ

ಕೋಳಿ ಸುಡುವುದು ಶಾಖಶಾಸ್ತ್ರದ ಸುಲಭ ಲೆಕ್ಕ ಎಂದು ನಾನು ಅತ್ತೆಯ ಎದುರು ಹೇಳಿದ ಗಳಿಗೆಯಲ್ಲಿ ಯಾರಾದರೂ ನನ್ನ ಬಾಯಿಗೆ ಅನ್ನ ತುರುಕಬೇಕಿತ್ತು. ಹಾಂಗ್‌ಕಾಂಗಿನಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಮನೆಯಲ್ಲಿ ಕೋಳಿ ಸುಡುವುದಿಲ್ಲ. ಕೆಳಗಿಳಿದರೆ ಕ್ವೋಕ್ ಅಣ್ಣನ ಅಂಗಡಿ, ಗಾಜಿನ ಹಿಂದೆ ಕೆಂಪಗೆ ಮಿರುಗುತ್ತ ನೇತಾಡುವ ಕೋಳಿ, ಬಾತು. ಬೆರಳು ತೋರಿಸಿದರೆ ಸಾಕು. ಆದರೆ ಮದುವೆಯಾದಂದಿನಿಂದ ಅತ್ತೆ ನನ್ನನ್ನು ‘ನೀರು ಮೂಸುವವನು’ ಎಂದೇ ಕರೆಯುತ್ತಾರೆ. (ನಾನು ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ರಸಾಯನಜ್ಞ.) ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳುವ ಆಸೆಗೆ, ಈ ಸಲ ಚಳಿಗಾಲದ ಅಯನದ ಹಬ್ಬದ ಕೋಳಿ ನನ್ನದೇ ಎಂದು ಘೋಷಿಸಿಬಿಟ್ಟೆ.

ಸಿದ್ಧತೆಯಲ್ಲಿ ಕುಂದಿರಲಿಲ್ಲ. ಕುದಿನೀರು ಸುರಿದು ಚರ್ಮ ಬಿಗಿಗೊಳಿಸಿದೆ. ಜೋನಿಬೆಲ್ಲದಂಥ ಮಾಲ್ಟ್ ಪಾಕಕ್ಕೆ ವಿನೆಗರ್ ಬೆರೆಸಿ ಕುಂಚದಿಂದ ಬಳಿದೆ. ಆಮೇಲೆ ಬಚ್ಚಲಲ್ಲಿ, ಫ್ಯಾನಿನ ಎದುರು, ಒಣಗಲು ನೇತುಹಾಕಿದೆ.

“ರೀ, ನಾನೆಲ್ಲಿ ಸ್ನಾನ ಮಾಡ್ಲಿ?” ಎಂದಳು ಹೆಂಡತಿ ಸಾವ್‌ಪಿಂಗ್.

“ಆವಿ ತಾಗಿದ್ರೆ ಚರ್ಮ ಕೆಡತ್ತೆ. ನಾಳೆ ಮಾಡು.”

“ನನ್ನ ಚರ್ಮದ ಬಗ್ಗೆ ಯಾವತ್ತಾದ್ರೂ ಇಷ್ಟು ಯೋಚಿಸಿದೀರಾ?”

ನಮ್ಮದು ಮೇಜಿನ ಮೇಲಿಡುವ ಪುಟ್ಟ ಓವನ್. ಕೋಳಿಯ ಗಾತ್ರ, ಓವನ್ನಿನ ಗಾತ್ರ, ಎರಡೂ ಲೆಕ್ಕಕ್ಕೆ ಹೊಂದಿದ್ದವು. ಕತ್ತು ಮಾತ್ರ ಲೆಕ್ಕಕ್ಕೆ ಬಗ್ಗಲಿಲ್ಲ, ಬಾಗಿಲು ಮುಚ್ಚಲಿಲ್ಲ. ಕತ್ತರಿಸಿ ಕಸಕ್ಕೆ ಹಾಕಿದೆ. ಕಸವನ್ನು ಕೆಳಗಿಳಿಸಿಯೂ ಬಂದೆ (ಅಚ್ಚುಕಟ್ಟು ನನ್ನ ಹುಟ್ಟುಗುಣ). ಓವನ್ನಿನಿಂದ ಹೊರಬಂದ ಕೋಳಿ ಒಂದು ಪಕ್ಕ ಇದ್ದಿಲು, ಇನ್ನೊಂದು ಪಕ್ಕ ಜ್ವರ ಬಿಟ್ಟವನ ಮುಖ.

ಸಾವ್‌ಪಿಂಗ್ ಬಣ್ಣ ನೋಡಲೇ ಇಲ್ಲ. “ತಲೆ ಎಲ್ಲಿ?”

“ಬಿಸಾಕ್ದೆ.”

“ಅಯ್ಯೋ! ಹಿರಿಯರ ಪೂಜೆಗೆ ಮೊಂಡ ಕೋಳಿ ಇಡ್ತೀರಾ? ತಲೆ, ಬಾಲ ಎರಡೂ ಇದ್ರೇನೇ ವರ್ಷ ನೆಟ್ಟಗೆ ಮುಗಿಯೋದು! ಅಮ್ಮ ಆಗ್ಲೇ ಬಸ್ ಹತ್ತಿದಾಳೆ!”

ಕ್ವೋಕ್ ಅಣ್ಣನ ಅಂಗಡಿಗೆ ಓಡಿದೆ. ಸಾಲು ರಸ್ತೆ ತಿರುವಿನವರೆಗಿತ್ತು. ಕೊನೆಗೂ ನನ್ನ ಸರದಿ ಬಂತು.

“ಅಣ್ಣಾ, ಒಂದು ತಲೆ ಕೊಡಿ.”

“ಬರೀ ತಲೆನಾ?”

“ಬರೀ ತಲೆ.”

“ಲಾವ್ ಸಾಹೇಬ್ರೇ, ಹಬ್ಬದ ದಿನ ಬೇರೆಯವರ ಕೋಳಿ ತಲೆ ತೆಗೆದು ನಿಮಗೆ ಕೊಟ್ರೆ, ಅವರು ನನ್ನ ತಲೆ ತೆಗೀತಾರೆ!”

ಸಾಲಿಗೆ ಸಾಲೇ ನಕ್ಕಿತು. ಇಡೀ ಕೋಳಿ ಕೊಂಡೆ.

“ಸರಿ, ಇದನ್ನೇ ತಟ್ಟೇಲಿಡಿ, ಪೀಡೆ ಕಳೀತು,” ಎಂದಳು ಸಾವ್‌ಪಿಂಗ್. ವಿವೇಕದ ಮಾತು. ಆದರೆ ಅಂಗಡಿಯ ಕೋಳಿಯನ್ನು ನನ್ನದೆನ್ನಲು ಆತ್ಮಸಾಕ್ಷಿ ಒಪ್ಪಲಿಲ್ಲ. (ತಲೆ ಮಾತ್ರ ಸುಳ್ಳಾದರೆ ದೋಷದ ಪ್ರಮಾಣ ಕಡಿಮೆ.) ಅದರ ತಲೆಯನ್ನು ಕತ್ತಿನ ಸಮೇತ ತೆಗೆದು ಹಲ್ಲುಕಡ್ಡಿಗಳಿಂದ ನನ್ನ ಕೋಳಿಗೆ ಜೋಡಿಸಿದೆ. ಉಳಿದ ದೇಹವನ್ನು ಓವನ್ನಿಗೆ ತಳ್ಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಅತ್ತೆ ಊದುಬತ್ತಿ ಹಚ್ಚಿ ಹಿರಿಯರಿಗೆ ನಮಸ್ಕರಿಸಿದರು. ತಲೆ ಬೀಳಲಿಲ್ಲ. ಆಮೇಲೆ ಕತ್ತರಿಸುವ ಕೆಲಸ ನಾನೇ ವಹಿಸಿಕೊಂಡೆ, ಕಡ್ಡಿಗಳನ್ನು ತೆಗೆಯಬೇಕಿತ್ತಲ್ಲ.

ಅತ್ತೆ ಒಂದು ತುಂಡು ಬಾಯಿಗಿಟ್ಟರು. ಅಗಿದರು. ಮತ್ತೆ ಅಗಿದರು. ನಂತರ ಮೂಳೆಯ ಜೊತೆ ಮಾಂಸವನ್ನೂ ಮೆಲ್ಲಗೆ ತಟ್ಟೆಯ ಅಂಚಿಗಿಟ್ಟರು.

“ಅಳಿಯಂದ್ರೇ, ನಿಜ ಹೇಳಿ. ಇದು ಆ ಕ್ವೋಕ್ ಅಂಗಡೀದು ತಾನೆ? ಪಾಪ, ಅವನಿಗೂ ವಯಸ್ಸಾಯ್ತು. ಇನ್ನು ಒಲೆ ಆರಿಸೋದೇ ಮೇಲು.”

ಅವರು ಎದ್ದು, “ಎಲ್ಲಿ, ನಿಮ್ಮ ಯಂತ್ರನಾದ್ರೂ ನೋಡೋಣ,” ಎಂದು ಓವನ್ನಿನ ಬಾಗಿಲು ತೆರೆದರು.

“ಓಹೋ! ಮಾಡಿದ್ದನ್ನ ಇಲ್ಲಿ ಬಚ್ಚಿಟ್ಟಿದೀರಾ! ತಲೆ ಕಡಿದ್ಬಿಟ್ಟೆ ಅಂತ ಹೆದರಿ ಅಂಗಡೀದು ಪೂಜೆಗಿಟ್ರಾ? ಯಾವ ಅಂಗಡಿಯವನೂ ಹೀಗೆ ತಲೆ ಕಡಿದು ಮಾರಲ್ಲ. ಇದು ನಿಮ್ಮದೇ ಕೈ!”

ನಿಂತಲ್ಲೇ ಒಂದು ಕಾಲು ಕಿತ್ತರು. ಚರ್ಮ ಗರಿಗರಿ ಎಂದಿತು. ಅತ್ತೆಯ ಕಣ್ಣು ತುಂಬಿತು.

“ಭೇಷ್! ನನ್ನ ಮಗಳು ಪುಣ್ಯ ಮಾಡಿದ್ಲು.”

ಎಷ್ಟೋ ವರ್ಷ ಕಾದ ಮಾತು ಕ್ವೋಕ್ ಅಣ್ಣನ ಕೋಳಿಗೆ ಸಂದಿತು. ಅವನ ಹೆಸರಿಗೆ ಬಂದ ಬೈಗುಳ ನನ್ನ ಕೋಳಿಗೆ ಸೇರಿತು. ಬಾಯಿ ಬಿಟ್ಟರೆ ಹೊಗಳಿಕೆ ಹೋಗುತ್ತದೆ. ಬಿಡಲಿಲ್ಲ.

“ಹೊಸ ವರ್ಷಕ್ಕೆ ನೆಂಟರೆಲ್ಲಾ ನಮ್ಮನೆಗೇ ಬರೋದು,” ಎಂದರು ಅತ್ತೆ, ಬೆರಳು ನೆಕ್ಕುತ್ತ. “ನಾಲ್ಕು ಕೋಳಿ ಬೇಕು, ನಾಲ್ಕೂ ನಿಮ್ಮದೇ. ನಾನು ಬೆಳಗ್ಗೆಯಿಂದ ಪಕ್ಕದಲ್ಲೇ ನಿಂತು ನೋಡಿ ಕಲೀತೀನಿ.”

ನಾನು ಹೆಂಡತಿಯ ಕಡೆ ದೀನನಾಗಿ ನೋಡಿದೆ. ಅವಳು ಇನ್ನೊಂದು ಕಾಲನ್ನು ಕಚ್ಚುತ್ತ ಹೇಳಿದಳು:

“ನಾಲ್ಕು ಸಾಕಾಗಲ್ಲಮ್ಮ. ಐದು ಮಾಡ್ಸು.”