ದೊಡ್ಡಪ್ಪ ಕಟ್ಟಿದ ಕೆಂಪು ಪಟ್ಟಿ

ನಮ್ಮ ದೊಡ್ಡಪ್ಪ ಈ ಭೂಮಿಯ ಮೇಲೆ ಪೂರ್ತಿಯಾಗಿ ನಂಬಿರುವುದು ಒಂದೇ ಒಂದನ್ನು. ದೇವರನ್ನು ಅಂದುಕೊಂಡಿರಾ? ಛೆ, ದೇವರ ಮೇಲೂ ಅವರದು ಒಂದು ಕಣ್ಣು ಇದ್ದೇ ಇರುತ್ತದೆ. ಅವರು ನಂಬಿರುವುದು ತಮ್ಮ ಕೊರಳಿನ ಉಣ್ಣೆಯ ಮಫ್ಲರನ್ನು!

ಚಳಿಗಾಲ, ಬೇಸಿಗೆ ಅನ್ನುವ ಭೇದವಿಲ್ಲದೆ ಅದು ಅವರ ಕೊರಳಲ್ಲಿರುತ್ತದೆ, ಯಾಕೆಂದರೆ ಅವರಿಗೆ ಗಾಳಿಯ ಮೇಲೂ ಅನುಮಾನ. ಅಂಗಡಿಯಲ್ಲಿ ಕಡಲೆಕಾಯಿ ಕೊಂಡರೆ ಪ್ರತಿ ಬೀಜವನ್ನೂ ಎರಡು ಹೋಳು ಮಾಡಿ, ಒಳಗೆ ಇಣುಕಿ, ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಬಸ್ಸಿನ ಬೋರ್ಡು ಓದಿಯೂ ಕಂಡಕ್ಟರನ್ನು ಕೇಳುತ್ತಾರೆ. ಕಂಡಕ್ಟರ್ ಹೇಳಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ವಯಸ್ಸಿನಲ್ಲಿ ಒಮ್ಮೆ ವಸ್ತಾರೆಗೆ ಹೆಣ್ಣು ನೋಡಲು ಹೋಗಿದ್ದರಂತೆ. ಉಪ್ಪಿಟ್ಟು ಬಹಳ ಚೆನ್ನಾಗಿತ್ತಂತೆ. ಇವರು ಎರಡನೇ ತುತ್ತಿಗೇ, "ಇದು ಹುಡುಗಿ ಮಾಡಿದ್ದಲ್ಲ ಅಲ್ವಾ?" ಎಂದು ಕೇಳಿಯೇಬಿಟ್ಟರು. ಅದು ನಿಜಕ್ಕೂ ಹುಡುಗಿಯ ಅಜ್ಜಿ ಮಾಡಿದ್ದು! ಅನುಮಾನ ಗೆದ್ದಿತು, ಮದುವೆ ಮುರಿಯಿತು. ಆಮೇಲೆ ಅವರು ಮದುವೆಯ ತಂಟೆಗೇ ಹೋಗದೆ, ತಮ್ಮನ ಸಂಸಾರದಲ್ಲೇ, ಅಂದರೆ ಜಾವಳಿ ಊರಿನ ನಮ್ಮ ಮನೆಯಲ್ಲೇ ಉಳಿದುಬಿಟ್ಟರು.

ಅವರ ಈ ಗುಣಕ್ಕೆ ನಮ್ಮ ಕಾಫಿ ತೋಟವೂ ಸ್ವಲ್ಪ ಕಾರಣ. ಅರೇಬಿಕಾ ಕಾಫಿ ಬೆಳೆಯುವವರ ಪರಮಶತ್ರು ಬೋರರ್ ಹುಳು. ಗಿಡದ ಕಾಂಡದೊಳಗೆ ಕೂತು ತಿನ್ನುತ್ತಿರುತ್ತದೆ, ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ಅದಕ್ಕೆ ವರ್ಷಕ್ಕೆರಡು ಸಲ ಟ್ರೇಸಿಂಗ್ ಮಾಡಬೇಕು. ಆಳುಗಳು ಸಾಲು ಹಿಡಿದು ಹೋಗಿ, ಒಂದೊಂದೇ ಗಿಡದ ಕಾಂಡ ಸವರಿ, ಉಬ್ಬು ಕಂಡರೆ ಗುರುತಿಗೊಂದು ಬಟ್ಟೆ ಕಟ್ಟುತ್ತಾರೆ. ನಮ್ಮಲ್ಲಿ ಅಜ್ಜಿಯ ಹಳೆಯ ಕೆಂಪು ಸೀರೆ ಹರಿದು ಮಾಡಿದ ಪಟ್ಟಿಗಳಿದ್ದವು. ಪಟ್ಟಿ ಕಟ್ಟಿದ ಗಿಡವನ್ನು ದೊಡ್ಡಪ್ಪ ಖುದ್ದಾಗಿ ಪರೀಕ್ಷಿಸಿ, ಹುಳು ಇದ್ದರೆ ಕೀಳಿಸಿ, ಕಣ್ಣೆದುರಿಗೇ ಸುಡಿಸುತ್ತಾರೆ. ನಲವತ್ತು ವರ್ಷ ಇದನ್ನೇ ಮಾಡಿದ ಮನುಷ್ಯ ಬೇರೆ ಹೇಗಿರಲು ಸಾಧ್ಯ, ಹೇಳಿ?

ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಮಗಳು ಪುಟ್ಟಿಗೆ ಒಂದು ತಿಂಗಳು ತುಂಬಿ ಕೆಲವು ದಿನಗಳಾಗಿದ್ದವು. ಬೇಸಿಗೆ ಆಗತಾನೇ ಶುರುವಾಗಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಅವಳ ಹಣೆಯ ತುಂಬ ಸಾಸಿವೆಯಂಥ ಗುಳ್ಳೆ! ಕುತ್ತಿಗೆಯ ಮಡಿಕೆಯಲ್ಲಿ ಕೆಂಪು. ಎಡಗೆನ್ನೆಯಂತೂ ಯಾರೋ ಉಜ್ಜಿದ ಹಾಗೆ ಕೆಂಪಾಗಿ ಒರಟಾಗಿತ್ತು. ಅಮ್ಮ "ಅಯ್ಯೋ" ಅಂದದ್ದಷ್ಟೇ, ತೋಟಕ್ಕೆ ಹೊರಟಿದ್ದ ದೊಡ್ಡಪ್ಪ ಅಂಗಳದಿಂದ ವಾಪಸು ಬಂದರು. ಕೈಯಲ್ಲಿ ಕೆಂಪು ಪಟ್ಟಿಗಳ ಕಟ್ಟು ಇತ್ತು.

"ಯಾರೂ ಎಂತದನ್ನೂ ಮುಟ್ಟಬೇಡಿ" ಎಂದರು.

ಆ ದಿನದಿಂದ ಮನೆಯಲ್ಲಿ ಟ್ರೇಸಿಂಗ್ ಆರಂಭವಾಯಿತು! ಮೊದಲ ಪಟ್ಟಿ ಸೋಪಿನ ಡಬ್ಬಿಗೆ. ಎರಡನೆಯದು ಕೊಬ್ಬರಿ ಎಣ್ಣೆಯ ಬಾಟಲಿಗೆ. ಆಮೇಲೆ ಕಡಲೆಹಿಟ್ಟಿನ ಡಬ್ಬ, ಸಾಂಬ್ರಾಣಿಯ ಕೆಂಡದ ಬಟ್ಟಲು, ಬಟ್ಟೆ ಒಗೆಯುವ ಪುಡಿ, ಪುಟ್ಟಿಯ ಕಾಡಿಗೆ. ಸ್ನಾನದ ಹಂಡೆಗೆ ಪಟ್ಟಿ ಕಟ್ಟಲು ಹಿಡಿಕೆ ಸಿಗದೆ ಪೇಚಾಡಿ, ಕೊನೆಗೆ ಹಂಡೆಯ ಹೊಟ್ಟೆಗೇ ಸುತ್ತು ಕಟ್ಟಿದರು. ಬಚ್ಚಲುಮನೆಗೆ ಹೋದರೆ ಹಂಡೆ ಸೊಂಟಕ್ಕೆ ಪಟ್ಟಿ ಬಿಗಿದು ಪೊಲೀಸಿನವರ ಹಾಗೆ ನಿಂತಿತ್ತು.

ಮುಂದಿನ ವಿಚಾರಣೆ ನನ್ನ ಊಟದ್ದು. ಇಲ್ಲಿ ದೊಡ್ಡಪ್ಪನಿಗೊಂದು ಸಂಕಟವಿತ್ತು. ತಾಯಿ ತಿಂದದ್ದು ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಆದರೆ ಅಪ್ಪನ ಸ್ಥಾನದಲ್ಲಿ ನಿಂತು ತಮ್ಮನ ಮಗಳ ಹಾಲಿನ ವಿಷಯ ಬಾಯಿಬಿಟ್ಟು ಆಡುವುದುಂಟೇ? ಅದಕ್ಕೆ ಅವರು ಬಾಣಂತಿ ಕೋಣೆಯ ಪರದೆಯ ಆಚೆ ನಿಂತು, ಎರಡು ಸಲ ಕೆಮ್ಮಿ, ಅಮ್ಮನನ್ನು ಕೇಳುತ್ತಿದ್ದರು.

"ಅವಳು ನಿನ್ನೆ ಎಂತ ತಿಂದಳು ಕೇಳು."

"ಅವಳು ಇಲ್ಲೇ ಇದ್ದಾಳೆ, ಕೇಳಿಸ್ತದೆ ಭಾವ."

"ಕೇಳಿಸ್ಲಿ. ನೀನು ಕೇಳು. ತಿಂದದ್ದು... ಅದಕ್ಕೆ ಹೋಗ್ತದಂತಲ್ಲ."

"ಎಂತಕ್ಕೆ?" ಅಮ್ಮ ಬೇಕೆಂದೇ ಕೇಳುತ್ತಿದ್ದಳು.

"ಅದಕ್ಕೇ ಮಾರಾಯ್ತಿ, ಅದಕ್ಕೆ!"

ಹೀಗೆ 'ಅದಕ್ಕೆ' ಹೋಗಬಾರದೆಂದು ಬದನೆಕಾಯಿ ನಿಂತಿತು. ಹುರಿಗಡಲೆ ನಿಂತಿತು. ನೆಂಟರು ತಂದ ಬೇಕರಿ ಬಿಸ್ಕತ್ತಿಗೆ ಪಟ್ಟಿ ಬಿತ್ತು. ಕೊನೆಗೆ ನನ್ನ ತಟ್ಟೆಯಲ್ಲಿ ಉಳಿದದ್ದು ಅನ್ನ, ಮೆಣಸಿನ ಸಾರು, ಮತ್ತು ನಮ್ಮ ಹಸು ಗೌರಿಯ ಹಾಲು. ಗುಳ್ಳೆ ಮಾತ್ರ ಹಾಗೇ ಇತ್ತು. ಆಗ ಗೌರಿಯ ಸರದಿ! ಗೌರಿ ತಿಂದ ಹುಲ್ಲು ಅವಳ ಹಾಲಿಗೆ, ಆ ಹಾಲು ನನಗೆ, ನನ್ನಿಂದ 'ಅದಕ್ಕೆ', ಅಲ್ಲಿಂದ ಮಗುವಿಗೆ ಎಂದು ಲೆಕ್ಕ ಹಾಕಿ, ದೊಡ್ಡಪ್ಪ ಗೌರಿಯ ಕೊರಳಹಗ್ಗಕ್ಕೂ ಪಟ್ಟಿ ಕಟ್ಟಿದರು. ಹುಲ್ಲು ಎಲ್ಲಿಂದ ತಂದದ್ದು ಎಂದು ಕೆಲಸದವಳನ್ನು ಅರ್ಧ ಗಂಟೆ ವಿಚಾರಿಸಿ ಹಿಂತಿರುಗಿ ನೋಡಿದರೆ ಪಟ್ಟಿಯೇ ಇಲ್ಲ. ಗೌರಿಯ ಪಕ್ಕದಲ್ಲಿ ಕಟ್ಟಿದ್ದ ಕರುವಿನ ಬಾಯಲ್ಲಿ ಅದರ ಒಂದು ತುದಿ ಕಾಣುತ್ತಿತ್ತು!

ನಾವು ನಗುತ್ತಿದ್ದೆವು. ನಗು ನಿಂತದ್ದು ಚಿಕ್ಕಮಗಳೂರಿನಿಂದ ನಮ್ಮತ್ತೆ ಬಂದ ದಿನ.

ಅತ್ತೆಯವರದು ಪೇಟೆಯಲ್ಲಿ ಬಟ್ಟೆಯಂಗಡಿ. ಕೆಟ್ಟವರಲ್ಲ, ಆದರೆ ಎಲ್ಲವನ್ನೂ ಬೇಗ ತೀರ್ಮಾನಿಸಿಬಿಡುವವರು. ಮೊಮ್ಮಗಳ ಮುಖ ನೋಡಿದ್ದೇ ಅವರ ಮುಖ ಸಣ್ಣದಾಯಿತು. "ಇದು ತಾಯಿ ಹಾಲು ಒಗ್ಗದೆ ಆಗಿರೋದು. ಸುಮ್ನೆ ಹಟ ಬೇಡ. ನಿಲ್ಸಿ, ಡಬ್ಬಿ ಹಾಲು ಹಾಕಿ" ಎಂದು ಚೀಲದಿಂದ ಹಾಲುಪುಡಿಯ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಡಬ್ಬದ ಮೇಲಿನ ಬರಹ ಓದತೊಡಗಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಂದರೆ ಅವರಿಗೂ ಹಾಗೇ ಅನಿಸಿತ್ತೇ?

ನಿಜ ಹೇಳಬೇಕೆಂದರೆ, ನನಗೂ ಅನಿಸಿತ್ತು. ಅಂದು ಮಧ್ಯಾಹ್ನ ಪುಟ್ಟಿಗೆ ಹಾಲು ಕೊಡಲು ಮೊದಲ ಸಲ ಹಿಂಜರಿದೆ. ಅವಳೋ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ನನ್ನನ್ನು ನಂಬಿ ಕುಡಿಯುತ್ತಿದ್ದಾಳೆ. ನಾನು ಕೊಡುತ್ತಿರುವುದೇ ಅವಳಿಗೆ ಕೆಟ್ಟದ್ದಾಗಿದ್ದರೆ? ಅತ್ತುಬಿಟ್ಟೆ. ಪರದೆಯ ಆಚೆ ಎರಡು ಸಲ ಕೆಮ್ಮು ಕೇಳಿಸಿತು. ಆದರೆ ಪ್ರಶ್ನೆ ಬರಲಿಲ್ಲ.

ಹೊರಗೆ ಬಂದು ನೋಡಿದರೆ ಹಾಲುಪುಡಿಯ ಡಬ್ಬಕ್ಕೆ ಒಂದಲ್ಲ, ಮೂರು ಪಟ್ಟಿ! ಬಿಚ್ಚಲು ಬಾರದ ಗಂಟು.

"ಇದೆಂತ ಬೀಗರೇ?" ಅತ್ತೆ ಕೇಳಿದರು.

"ಡಾಕ್ಟ್ರು ಹೇಳೋ ತನಕ ಇದನ್ನ ಯಾರೂ ತೆಗೆಯೋ ಹಾಗಿಲ್ಲ" ಎಂದರು ದೊಡ್ಡಪ್ಪ. ಅಷ್ಟಕ್ಕೇ ಬಿಡದೆ, "ನಿಮ್ಮ ಸೀರೆ ಜರಿಯೂ ಚುಚ್ಚೋ ಹಾಗೆ ಕಾಣ್ತದೆ. ಮಗುನ ಎತ್ಕೊಳ್ಳೋವಾಗ ನೋಡ್ಕೊಳ್ಳಿ" ಎಂದೂ ಸೇರಿಸಿದರು. ಅತ್ತೆ ಸಂಜೆಯ ಬಸ್ಸಿಗೇ ಹೊರಟರು.

ಮರುದಿನ ಅಪ್ಪ ಜೀಪು ತೆಗೆದರು. ಮೂಡಿಗೆರೆಯ ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು, ತಾಳ್ಮೆಯೇ ಮೈವೆತ್ತಂತಿದ್ದರು. ಆ ತಾಳ್ಮೆ ಬೇಕಾಗಿತ್ತು! ಯಾಕೆಂದರೆ ದೊಡ್ಡಪ್ಪ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡೇ ಗೋಡೆಯ ಸರ್ಟಿಫಿಕೇಟನ್ನು ಮೂಗು ತಾಗುವಷ್ಟು ಹತ್ತಿರದಿಂದ ಓದಿ, ಸೀಲು ಸರಿಯಾಗಿದೆಯೇ ನೋಡಿ, ಆಮೇಲೆ ಕೂತರು.

ಡಾಕ್ಟರು ಮಗುವನ್ನು ಮಲಗಿಸಿ ನಿಧಾನವಾಗಿ ನೋಡಿದರು. "ಹಣೆಯದ್ದು ಎಳೆ ಮಕ್ಕಳಿಗೆ ಬರೋದೇ, ತಾನಾಗಿ ಹೋಗುತ್ತೆ. ಕುತ್ತಿಗೇದು ಬೆವರುಗುಳ್ಳೆ. ಈ ಸೆಖೆಗೆ ಮೂರು ಬಟ್ಟೆ ಯಾಕಮ್ಮ ಸುತ್ತಿದೀರಿ?"

"ಹಾಲು..." ಪುಟ್ಟಿಯ ಮೇಲುಬಟ್ಟೆ ಬಿಚ್ಚುತ್ತಾ ಕೇಳಿದೆ. "ಹಾಲು ನಿಲ್ಲಿಸ್ಬೇಕಾ ಡಾಕ್ಟ್ರೇ?"

"ಯಾರು ಹೇಳಿದ್ದು? ತಾಯಿ ಊಟದಿಂದ ಹೀಗಾಗೋ ಮಕ್ಕಳು ಇಲ್ಲವೇ ಇಲ್ಲ ಅಂತಲ್ಲ, ಆದ್ರೆ ಕಡಿಮೆ. ಇವಳು ಚೆನ್ನಾಗಿ ಕುಡೀತಾಳೆ, ತೂಕ ಏರಿದೆ. ನೀವು ಹೊಟ್ಟೆ ತುಂಬ ಊಟ ಮಾಡಿ." ಆಮೇಲೆ ಅವರು ಪುಟ್ಟಿಯ ಎಡಗೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದರು. "ಇದು ಮಾತ್ರ ಬೇರೆ. ಒಂದೇ ಕೆನ್ನೆ. ಹಾಲಿಗೆ ಎಡ, ಬಲ ಗೊತ್ತಾಗಲ್ಲ. ಇಲ್ಲಿ ಏನೋ ಒರಟಾದ್ದು ದಿನಾ ಉಜ್ತಾ ಇದೆ. ಮಗುನ ಹೆಚ್ಚು ಎತ್ಕೊಳ್ಳೋದು ಯಾರು?"

ಅಷ್ಟರಲ್ಲಿ ಪುಟ್ಟಿ ಅತ್ತಳು, ದೊಡ್ಡಪ್ಪ ಅಭ್ಯಾಸಬಲದಿಂದ ಅವಳನ್ನು ಎತ್ತಿ ಎಡ ಹೆಗಲಿಗೆ ಹಾಕಿಕೊಂಡರು. ಅವಳ ಎಡಗೆನ್ನೆ ಸೀದಾ ಹೋಗಿ ಮಫ್ಲರಿನ ಮೇಲೆ ಕೂತಿತು.

ಡಾಕ್ಟರು ಮಫ್ಲರ್ ನೋಡಿದರು. ಅಮ್ಮ ನೋಡಿದಳು. ನಾನು ನೋಡಿದೆ. ಕಾಫಿ ಕಾಂಡಕ್ಕೆ ಬಳಿಯುವ ಸುಣ್ಣದ ಧೂಳು ಅದರ ಎಳೆಎಳೆಯಲ್ಲೂ ಕೂತಿತ್ತು.

"ಇದನ್ನ ಯಾವಾಗ ಒಗೆದಿದ್ದು ಯಜಮಾನ್ರೇ?"

ದೊಡ್ಡಪ್ಪ ತಡವರಿಸಿದರು. "ಇದನ್ನ... ಯಾರ ಕೈಗೆ ಕೊಡೋದು? ಎಂತೆಂತ ಪುಡಿ ಹಾಕಿ ಒಗೀತಾರೋ."

ಜೀಪಿನಲ್ಲಿ ಬರುವಾಗ ನಾನೂ ಅಮ್ಮನೂ ನಗು ತಡೆಯಲಾರದೆ ಒದ್ದಾಡಿದೆವು. ಮುಂದಿನ ಸೀಟಿನಲ್ಲಿ ಕೂತಿದ್ದ ದೊಡ್ಡಪ್ಪ ಹಿಂತಿರುಗಿ ನೋಡಲೇ ಇಲ್ಲ.

ಮರುದಿನ ಪರದೆಯ ಆಚೆ ಕೆಮ್ಮು ಕೇಳಿಸಲಿಲ್ಲ. ಅದರ ಮರುದಿನವೂ ಇಲ್ಲ. ಸೋಪಿನ ಡಬ್ಬಿಯ ಪಟ್ಟಿ, ಹಂಡೆಯ ಪಟ್ಟಿ ಎಲ್ಲವೂ ಸದ್ದಿಲ್ಲದೆ ಮಾಯವಾಗಿದ್ದವು. ಐದಾರು ದಿನಕ್ಕೆ ಪುಟ್ಟಿಯ ಕೆನ್ನೆ ತಿಳಿಯಾಯಿತು. ತೋರಿಸೋಣವೆಂದು ಅವಳನ್ನು ಎತ್ತಿಕೊಂಡು ಜಗಲಿಗೆ ಬಂದೆ. ದೊಡ್ಡಪ್ಪ ಅಂಗಳದಲ್ಲೇ ನಿಂತಿದ್ದರು. ಕೊರಳಲ್ಲಿ ಮಫ್ಲರ್ ಇರಲಿಲ್ಲ. ನಾನು ಅವರ ಕೊರಳನ್ನು ನೋಡಿದ್ದೇ ಅಂದು ಮೊದಲು. ಬಿಸಿಲು ಕಾಣದೆ ಬೆಳ್ಳಗಾಗಿತ್ತು, ಬಹಳ ಸಣ್ಣದಾಗಿತ್ತು. ಎಡಗೈಯ ಮಣಿಕಟ್ಟಿನಲ್ಲಿ ಒಂದು ಕೆಂಪು ಪಟ್ಟಿ ಇತ್ತು.

"ಇದೆಂತ ದೊಡ್ಡಪ್ಪ?"

"ಹುಳು ಎಲ್ಲಿದೆ ಗೊತ್ತಾದ ಮೇಲೆ ಗುರುತು ಹಾಕ್ಬೇಕಲ್ಲ ಮಗಾ. ನೀನು ಹತ್ರ ಬರ್ಬೇಡ, ಮಗು ಇದೆ" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಇಷ್ಟು ದಿನ ಕೇಳಬೇಕೆಂದುಕೊಂಡದ್ದನ್ನು ಕೇಳಿಯೇಬಿಟ್ಟೆ. "ಹಂಡೆಗೆ ಕಟ್ಟಿದ್ರಿ, ಗೌರಿಗೆ ಕಟ್ಟಿದ್ರಿ, ನಂಗೆ ಮಾತ್ರ ಯಾಕೆ ಕಟ್ಲಿಲ್ಲ? ಎಲ್ರಿಗೂ ನನ್ನ ಮೇಲೇ ಅನುಮಾನ ಇತ್ತು. ನಂಗೂ ಇತ್ತು."

ದೊಡ್ಡಪ್ಪನಿಗೆ ಸಿಟ್ಟೇ ಬಂತು. "ನಿನ್ನ ಹಾಲಿನ ಮೇಲೆ ಎಂತದ್ದು ಅನುಮಾನ?" ಎಂದರು. ಹಾಲು ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. "ಕುಡಿದ ಮೇಲೆ ದಿನಾ ನನ್ನ ಹೆಗಲ ಮೇಲೆ ಮಲಗ್ತಿತ್ತು ಆ ಮಗು. ಆ ಮುಖ ನೋಡಿದೇನೆ ನಾನು. ಅದ್ರಲ್ಲಿ ಅನುಮಾನ ಪಡೋಕೆ ಎಂತ ಇದೆ?"

ನಾನು ಅಂಗಳಕ್ಕೆ ಇಳಿದೆ. ಅವರ ಮಣಿಕಟ್ಟಿನ ಗಂಟು ಬಿಚ್ಚಲು ಒಂದೇ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಹೆಗಲ ಮೇಲಿದ್ದ ಹಳೆಯ ಹತ್ತಿ ಸೀರೆಯ ತುಂಡನ್ನು ಅವರ ಕೈಗಿತ್ತೆ. ದೊಡ್ಡಪ್ಪ ಅದನ್ನು ಮೂಸಿ ನೋಡಿದರು, ಮಗುಚಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು.

"ನೀನೇ ಒಗೆದದ್ದಾ?"

"ಹೂಂ."

ಮತ್ತೇನೂ ಕೇಳಲಿಲ್ಲ. ಬಟ್ಟೆಯನ್ನು ಎಡ ಹೆಗಲಿಗೆ ಹಾಸಿಕೊಂಡು, ಪುಟ್ಟಿಗೆ ಎಟಕುವಂತೆ ಹೆಗಲು ಬಗ್ಗಿಸಿ ನಿಂತರು.