ತಿದ್ದಿದಷ್ಟೂ ಹಿಂದಕ್ಕೋಡಿದ ಯಂತ್ರ

"ಯಾರೂ ಮುಟ್ಟಬೇಡಿ, ಬರೀ ನೋಡಿ!" ಎನ್ನುತ್ತ ಪಟ್ಟಾಭಿ ಮೇಷ್ಟ್ರು ಮೇಲೆ ಹೊದಿಸಿದ್ದ ಹಳೇ ಲುಂಗಿಯನ್ನು ಸರ್ರನೆ ಎಳೆದರು. ನಡುಮನೆಯಲ್ಲಿ ಇಡ್ಲಿ ಹಂಡೆಯಂಥ ಯಂತ್ರವೊಂದು ಪಳಪಳ ಹೊಳೆಯುತ್ತ ನಿಂತಿತ್ತು. ತಲೆಯ ಮೇಲೆ ಕೆಂಪು ದೀಪ, ಹೊಟ್ಟೆಯ ಮೇಲೆ ಅಂಕ ತೋರಿಸುವ ಗಾಜು. "ಇದರ ಹೆಸರು ಗುಣಪರೀಕ್ಷಕ!"

ಬಡಾವಣೆ ಸಂಘದ ಅಧ್ಯಕ್ಷ ಚಿಕ್ಕಲಿಂಗಯ್ಯನವರು ಸೋಫಾದಲ್ಲಿ ಕಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡರು. ಈ ಪಾಲಿಟೆಕ್ನಿಕ್ ಮೇಷ್ಟ್ರ ಹಿಂದಿನ ಯಂತ್ರ ಬಟ್ಟೆ ಮಡಿಸುವಂಥದ್ದು. ಅದು ಅಧ್ಯಕ್ಷರ ಪಂಚೆಯನ್ನು ಅವರು ಉಟ್ಟಿರುವಾಗಲೇ ಮಡಿಸಿಬಿಟ್ಟಿತ್ತು!

ಮೇಷ್ಟ್ರ ಹೆಂಡತಿ ಶಾಂಭವಿ ಮಗಳು ಇಂಚರಾಳಿಗೆ ರಾಗಿ ಸರಿ ತಿನ್ನಿಸುತ್ತ ಕೂತಿದ್ದಳು. ನಿಜಕ್ಕೂ ಇವತ್ತಿನ ಪರೀಕ್ಷೆ ಅವಳದು. ಬಡಾವಣೆಯ ದೊಡ್ಡ ಟ್ಯಾಂಕಿನಿಂದ ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಲೆಕ್ಕ ಹಾಕಿ, ವಾಲ್ವುಗಳನ್ನು ತಾನೇ ತಿರುಗಿಸುವ ಪ್ರೋಗ್ರಾಂ ಬರೆದವಳು ಅವಳು. ಬಾಣಂತನ ಮುಗಿದ ಮೇಲೆ, ಮಗು ಮಲಗಿದ ಗಳಿಗೆಗಳನ್ನೆಲ್ಲ ಕೂಡಿಸಿಕೊಂಡು ಬರೆದದ್ದು. ಅದನ್ನು ಕಾಯಂ ಮಾಡುವುದೋ, ಹೊರಗಿನ ಕಂಪನಿಗೆ ಕೆಲಸ ಒಪ್ಪಿಸುವುದೋ ಎಂದು ಅಧ್ಯಕ್ಷರು ಇವತ್ತು ತೀರ್ಮಾನ ಹೇಳಬೇಕಿತ್ತು.

"ಕೋಡು ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಕೋಡು ಓದೋದು ಹಳೇ ಕಾಲದ್ದು ಸಾರ್!" ಮೇಷ್ಟ್ರು ಕೈ ಉಜ್ಜಿದರು. "ಅದರ ಚರಿತ್ರೆ ಓದಬೇಕು! ಇವಳು ತಿದ್ದಿದಾಗಲೆಲ್ಲ ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಒಂದು ಸಾಲು ಬರೆದು ಕಮಿಟ್ ಮಾಡ್ತಾಳೆ. ಹಳೇ ರೂಪಗಳೂ ಹಾಗೇ ಉಳಿದಿರುತ್ತವೆ. ನನ್ನ ಯಂತ್ರ ಅದೆಲ್ಲ ಓದಿ ಅಂಕ ಕೊಡುತ್ತೆ. ಅಂಕ ಕಮ್ಮಿ ಬಂತೋ, ಹಿಂದೆ ಚೆನ್ನಾಗಿದ್ದ ರೂಪಕ್ಕೆ ತಾನೇ ವಾಪಸ್ ಒಯ್ಯುತ್ತೆ!"

ಶಾಂಭವಿಯ ಚಮಚ ಗಾಳಿಯಲ್ಲೇ ನಿಂತಿತು. "ತಾನೇನಾ? ರೀ, ಅದು ಈಗ ನೀರು ಬಿಡ್ತಿರೋ ಪ್ರೋಗ್ರಾಂ! ಯಾವುದು ಚೆನ್ನಾಗಿತ್ತು ಅಂತ ಈ ಹಂಡೆಗೆ ಹೇಗೆ ಗೊತ್ತಾಗುತ್ತೆ?"

"ನಾನು ಕಲಿಸಿದ್ದೀನಿ ಕಣೆ! ನನ್ನ ಕೋಡುಗಳನ್ನೆಲ್ಲ ತೋರಿಸಿ, ಉತ್ತಮ ಅಂದ್ರೆ ಹೀಗಿರಬೇಕು ಅಂದೆ."

ಶಾಂಭವಿ ಚಮಚವನ್ನು ಬಟ್ಟಲಿಗೆ ಹಾಕಿದಳು. ಗಂಡ ಒಮ್ಮೆ ಬರೆದದ್ದನ್ನು ಮತ್ತೆ ತಿದ್ದಿದವರೇ ಅಲ್ಲ. ಪಂಚೆ ಮಡಿಸಿಹೋದಾಗಲೂ ತಪ್ಪು ಪಂಚೆಯದೇ ಅಂದಿದ್ದರು. ಹಾಗಾದರೆ ಈ ಯಂತ್ರದ ಪ್ರಕಾರ ತಿದ್ದದೇ ಇರುವುದೇ ಉತ್ತಮ!

ಅವಳು ಏಳುವಷ್ಟರಲ್ಲಿ ಮೇಷ್ಟ್ರು ಗುಂಡಿ ಒತ್ತಿಯಾಗಿತ್ತು.

"ಅಂಕ, ನೂರಕ್ಕೆ ಹನ್ನೊಂದು!" ಯಂತ್ರ ಮೇಷ್ಟ್ರದೇ ದನಿಯಲ್ಲಿ ಗುಡುಗಿತು. "ಛೀ ಛೀ! ಎಷ್ಟೊಂದು ತಿದ್ದುಪಡಿ!"

"ಹನ್ನೊಂದೇನಮ್ಮಾ?" ಅಧ್ಯಕ್ಷರ ಹುಬ್ಬು ಮೇಲೇರಿತು.

"ಮಗು ಏಳೋದ್ರೊಳಗೆ ಎಷ್ಟಾಗುತ್ತೋ ಅಷ್ಟು ಮಾಡಿಡ್ತೀನಿ ಸಾರ್, ಅದಕ್ಕೇ ತಿದ್ದುಪಡಿ ಜಾಸ್ತಿ. ಆದ್ರೆ ಒಂದೂ ದಂಡ ಅಲ್ಲ," ಎಂದಳು ಶಾಂಭವಿ. ದನಿ ಒಂದಿಷ್ಟೂ ಅಳುಕಲಿಲ್ಲ.

ಯಂತ್ರ ಅವಳ ಸಾಲೊಂದನ್ನು ಓದಿತು. "'ಮೂಲೆಮನೆ ಅಜ್ಜಿಯ ಕೊಡ ತುಂಬುವ ಮೊದಲೇ ನೀರು ನಿಲ್ಲುತ್ತಿತ್ತು, ಇನ್ನಷ್ಟು ಹೊತ್ತು ಬಿಟ್ಟಿದ್ದೇನೆ.' ಈ ತಿದ್ದುಪಡಿ ರದ್ದು!"

ಮರುಗಳಿಗೆಯಲ್ಲೇ ಕಿಟಕಿಯಾಚೆಯಿಂದ ಅಜ್ಜಿಯ ಕೂಗು. "ಶಾಂಭವೀ! ಕೊಡ ಅರ್ಧ ಆಗಿಲ್ಲ, ನೀರು ನಿಂತೋಯ್ತಲ್ಲೇ!"

ಶಾಂಭವಿ ಮಗುವನ್ನು ಅತ್ತೆ ತುಂಗಮ್ಮನ ಕೈಗಿತ್ತು, ಲ್ಯಾಪ್‌ಟಾಪ್ ತೆರೆದು ಟಕಟಕನೆ ಸರಿ ಮಾಡಿದಳು.

"ಅಯ್ಯೋ, ಮತ್ತೊಂದು ತಿದ್ದುಪಡಿ! ಅಂಕ ಒಂಬತ್ತು! ಇನ್ನೂ ಹಿಂದಕ್ಕೆ ಹೋಗುತ್ತೇನೆ! 'ಎರಡನೇ ಅಡ್ಡರಸ್ತೆಯ ನೀರು ಪಾರ್ಕಿಗೆ ನುಗ್ಗುತ್ತಿತ್ತು, ತಡೆದಿದ್ದೇನೆ.' ರದ್ದು!"

ಪಾರ್ಕಿನ ಹುಲ್ಲಿನ ಮೇಲೆ ಶವಾಸನದಲ್ಲಿದ್ದ ಯೋಗ ಬಳಗದ ಹೆಣಗಳೆಲ್ಲ ಒಟ್ಟಿಗೇ ಚೀರಿ ಎದ್ದದ್ದು ಮನೆಯವರೆಗೂ ಕೇಳಿಸಿತು!

ಅವಳು ಅದನ್ನೂ ಸರಿ ಮಾಡಿದಳು. ಯಂತ್ರ ಇನ್ನೂ ಹಿಂದಕ್ಕೋಡಿತು. "'ಅಧ್ಯಕ್ಷರ ಮನೆ ಮಹಡಿಗೆ ನೀರು ಏರುತ್ತಿರಲಿಲ್ಲ, ಈಗ ಏರುತ್ತದೆ.' ರದ್ದು!"

ಚಿಕ್ಕಲಿಂಗಯ್ಯನವರ ಫೋನು ಬಡಿದುಕೊಂಡಿತು. ಅವರ ಹೆಂಡತಿಯ ದನಿ ಫೋನಿನಿಂದ ಆಚೆಗೂ ಬಂತು. "ರೀ, ಅಳಿಯಂದ್ರು ತಲೆ ತುಂಬ ಸೀಗೆಪುಡಿ ಹಚ್ಕೊಂಡು ಕೂತಿದಾರೆ! ನಲ್ಲೀಲಿ ಬರೀ ಗಾಳಿ! ಕಣ್ಣು ಬಿಡೋಕಾಗ್ದೆ ಬಚ್ಚಲಲ್ಲಿ ಗೋಡೆ ತಡವ್ತಿದಾರೆ!"

"ಮೇಷ್ಟ್ರೇ, ನಿಲ್ಲಿಸ್ರೀ ಅದನ್ನ!" ಅಧ್ಯಕ್ಷರು ಎದ್ದು ನಿಂತರು.

ಶಾಂಭವಿ ಪ್ಲಗ್ಗು ಕಿತ್ತೆಸೆದಳು. ಯಂತ್ರದ ದೀಪ ಆರಲೇ ಇಲ್ಲ.

"ಒಳಗೆ ಬ್ಯಾಟರಿ ಇದೆ! ಕರೆಂಟು ಹೋದ್ರೂ ಇಡೀ ದಿನ ಓಡುತ್ತೆ!" ಎಂದರು ಮೇಷ್ಟ್ರು. ಆ ಗಳಿಗೆಯಲ್ಲೂ ಮುಖದಲ್ಲಿ ಹೆಮ್ಮೆ! ಆಮೇಲೆ ಎಲ್ಲರ ಕಣ್ಣು ನೋಡಿ, "ಇರಿ, ಯಂತ್ರದ ಕೋಡನ್ನೇ ಒಂಚೂರು ತಿದ್ದುತ್ತೀನಿ," ಎಂದು ಫೋನು ಹಿಡಿದು ಕೂತರು. ಒಮ್ಮೆ ತಿದ್ದಿದರು, ಯಂತ್ರದ ದನಿ ಇಮ್ಮಡಿಯಾಯಿತು. ಇನ್ನೊಮ್ಮೆ ತಿದ್ದಿದರು, ರಾಗವಾಗಿ ಬೈಯತೊಡಗಿತು. ಮತ್ತೆ ಮತ್ತೆ ತಿದ್ದಿದರು, ಹಂಡೆ ಗಿರಗಿರನೆ ಸುತ್ತುತ್ತ ಬೈಯಿತು.

ಶಾಂಭವಿ ಕೀಬೋರ್ಡಿನಿಂದ ಕೈ ತೆಗೆದಳು. ತಾನು ಸರಿ ಮಾಡಿದಷ್ಟೂ ಅದು ಹಿಂದಕ್ಕೋಡುತ್ತದೆ. ಆದರೆ ಯಂತ್ರಕ್ಕೆ ಆಗಲೇ ಓಟದ ರುಚಿ ಹತ್ತಿತ್ತು.

"ಮೊಟ್ಟಮೊದಲ ರೂಪ ಸಿಕ್ಕಿತು! 'ಪರೀಕ್ಷೆಗಾಗಿ ನಮ್ಮ ಮನೆಯ ವಾಲ್ವನ್ನು ಮಾತ್ರ ತೆರೆದಿದ್ದೇನೆ.' ಒಂದೂ ತಿದ್ದುಪಡಿಯಿಲ್ಲ! ಅಂಕ ತೊಂಬತ್ತೊಂಬತ್ತು!"

ಇಡೀ ಬಡಾವಣೆಯ ನೀರು ಒಂದೇ ಮನೆಗೆ ನುಗ್ಗಿತು! ಸಂಪು ಉಕ್ಕಿತು. ಬಚ್ಚಲ ನಲ್ಲಿ ಪಟಾರನೆ ಹಾರಿ ಚಾವಣಿಗೆ ಬಡಿಯಿತು. ಚಪ್ಪಲಿಗಳು ತೇಲಿಕೊಂಡು ಸಾಲಾಗಿ ಒಳಗೆ ಬಂದವು. ತುಂಗಮ್ಮ ಮೊಮ್ಮಗಳನ್ನು ಎತ್ತಿಕೊಂಡು ಸ್ಟೂಲಿನ ಮೇಲೇರಿ, "ಲೋ ಪಟ್ಟಾಭಿ, ಅಂಕ ಕೊಡೋ ಯಂತ್ರ ಅಂದ್ಯಲ್ಲೋ, ಇದು ಅಭಿಷೇಕದ ಯಂತ್ರ ಕಣೋ!" ಎಂದು ಬೈದರು. ಮಗು ಚಪ್ಪಾಳೆ ತಟ್ಟಿತು.

"ಇನ್ನು ಒಂದೇ ಅಂಕ ಬಾಕಿ!" ಯಂತ್ರ ಹುರುಪಿನಿಂದ ಹೇಳಿತು. "ಅದಕ್ಕೂ ಹಿಂದೆ ಏನಿತ್ತು?"

ಅದಕ್ಕೂ ಹಿಂದೆ ಏನೂ ಇರಲಿಲ್ಲ. ಖಾಲಿ ಕಡತ. ಅಲ್ಲಿಗೆ ಹೋದರೆ ಒಂದು ವಾಲ್ವೂ ತೆರೆಯದು, ಬಡಾವಣೆಯಲ್ಲಿ ಯಾರಿಗೂ ಹನಿ ನೀರು ಸಿಗದು. ಅಧ್ಯಕ್ಷರ ಕಣ್ಣಲ್ಲಿ ಪ್ರೋಗ್ರಾಮಿನ ಕತೆಯೂ ಇವತ್ತಿಗೆ ಮುಗಿದಂತೆಯೇ.

ಶಾಂಭವಿ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ, ನೀರಲ್ಲಿ ನಡೆದು ಯಂತ್ರದ ಹತ್ತಿರ ಹೋದಳು. ಹಟ ಮಾಡುವ ಮಗುವಿಗೆ ತುತ್ತು ತಿನ್ನಿಸುವ ದನಿ ತೆಗೆದಳು. "ಆಯ್ತಪ್ಪಾ ಜಾಣ, ಅದು ಆಮೇಲೆ. ಮೊದಲು ಇದೊಂದು ಕೋಡು ನೋಡ್ತೀಯಾ? ಇದಕ್ಕೆಷ್ಟು ಅಂಕ ಹೇಳು?"

ಗಂಡನ ಕೈಯಿಂದ ಕಸಿದುಕೊಂಡ ಫೋನಿನಲ್ಲಿ ಅವಳು ತೋರಿಸಿದ್ದು ಯಂತ್ರದ್ದೇ ಕೋಡು!

ಯಂತ್ರ ಸುತ್ತುವುದನ್ನು ನಿಲ್ಲಿಸಿ ಓದಿತು. ದೀಪ ಇನ್ನಷ್ಟು ಕೆಂಪಾಯಿತು. "ಒಂದೇ ಬೆಳಗಿನಲ್ಲಿ ಇಷ್ಟೊಂದು ತಿದ್ದುಪಡಿಯೇ! ಯಾವ ಅಯೋಗ್ಯ ಬರೆದದ್ದಿದು?" ಎಂದು ಮೇಷ್ಟ್ರದೇ ದನಿಯಲ್ಲಿ ಮೇಷ್ಟ್ರನ್ನು ಬೈದು, "ರದ್ದು! ರದ್ದು!" ಎನ್ನುತ್ತ ತನ್ನ ಚರಿತ್ರೆಯಲ್ಲಿ ತಾನೇ ಹಿಂದಕ್ಕೋಡಿತು. ರಾಗ ಹೋಯಿತು, ಅಬ್ಬರ ಹೋಯಿತು, ಮಾತು ತೊದಲಾಯಿತು. ಕೊನೆಗೆ ಒಂದಕ್ಷರವೂ ಇಲ್ಲದ ಆರಂಭಕ್ಕೆ ತಲುಪಿ ಗಪ್‌ಚುಪ್ಪಾಯಿತು. ಹೊಟ್ಟೆಯ ಗಾಜಿನ ಮೇಲೆ ಅಂಕ ಮಾತ್ರ ಉಳಿಯಿತು. ನೂರಕ್ಕೆ ನೂರು!

ಶಾಂಭವಿ ಲ್ಯಾಪ್‌ಟಾಪಿನತ್ತ ಹೋಗಿ ತನ್ನ ಪ್ರೋಗ್ರಾಮಿನ ಇತ್ತೀಚಿನ ರೂಪವನ್ನು ಚರಿತ್ರೆಯಿಂದ ಮರಳಿ ತಂದಳು. ಅಲ್ಲಿ ಯಾವುದೂ ಅಳಿದುಹೋಗುವುದಿಲ್ಲವಲ್ಲ. ಬೀದಿಬೀದಿಯ ನಲ್ಲಿಗಳು ಕೆಮ್ಮಿ, ಉಗುಳಿ, ಹರಿಯತೊಡಗಿದವು.

ಅಧ್ಯಕ್ಷರು ಪಂಚೆಯ ತುದಿ ಹಿಂಡಿಕೊಂಡರು. ಆಮೇಲೆ ಹೇಳಿದರು. "ಆ ಕಂಪನಿಯೋರು ಏನಂದ್ರು ಗೊತ್ತೇನಮ್ಮ? ನಾವು ಒಂದ್ಸಲ ಮಾಡಿಕೊಟ್ರೆ ಮತ್ತೆ ಕೈ ಹಾಕೋದೇ ಇಲ್ಲ ಅಂತ ಎದೆ ತಟ್ಟಿ ಹೇಳಿದ್ರು. ನಾನೂ ತಲೆದೂಗಿದ್ದೆ. ಈ ಹಂಡೆ ರದ್ದು ಮಾಡಿದ ಒಂದೊಂದು ಸಾಲಿಗೂ ಒಂದೊಂದು ಮನೆಯೋರು ಬಾಯಿ ಬಡ್ಕೊಂಡ್ರಲ್ಲ! ಅಷ್ಟು ಜನರ ಗೋಳು ಕೇಳಿಸ್ಕೊಂಡು ತಿದ್ದಿದೀರಿ. ನೀರಿನ ಕೆಲಸ ನಿಮ್ಮದೇ. ಇವತ್ತಿಂದ ಕಾಯಂ."

"ಕೊನೆಗೆ ಹೀಗೇ ಅಂತೀರಿ ಅಂತ ಗೊತ್ತಿತ್ತು ಸಾರ್," ಎಂದು ನಕ್ಕಳು ಶಾಂಭವಿ. "ಮೊದಲು ಮನೆಗೆ ಹೋಗಿ ಅಳಿಯಂದಿರ ಕಣ್ಣು ತೊಳೆಸಿ."

ಪಟ್ಟಾಭಿ ಮೇಷ್ಟ್ರು ಯಂತ್ರದ ಹೊಟ್ಟೆಯನ್ನೇ ದಿಟ್ಟಿಸುತ್ತ ನಿಂತಿದ್ದರು. ಮುಖ ಮೆಲ್ಲಗೆ ಅರಳಿತು. "ಅಮ್ಮಾ, ನೋಡಿದ್ಯಾ! ಕೊನೆಗೂ ನನ್ನ ಯಂತ್ರಕ್ಕೆ ನೂರಕ್ಕೆ ನೂರು!"

ತುಂಗಮ್ಮ ಸ್ಟೂಲಿನಿಂದಿಳಿದು ಹಂಡೆಯ ತಲೆ ಮುಟ್ಟಿ ನೋಡಿದರು.

"ಹೂಂ, ಬೆಚ್ಚಗೂ ಇದೆ. ದೋಸೆ ಹಿಟ್ಟಿನ ಪಾತ್ರೆ ತಂದು ಇದರ ಮೇಲಿಡು ಶಾಂಭವಿ, ಬೇಗ ಉಬ್ಬುತ್ತೆ."